ಭೇಟಿಯ ವೇಳೆ ನಾಲ್ಕರಿಂದ ಆರು

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮ ಆಸ್ಪತ್ರೆಯ ನಿರ್ದೇಶಕರೇ, ಒಂದೂವರೆ ಗಂಟೆ ತಡವಾದರೂ ಬಂದು ನಮ್ಮೆಲ್ಲರ ಮರ್ಯಾದೆ ಉಳಿಸಿದ ಮುಖ್ಯ ಅತಿಥಿಗಳೇ, ವೈದ್ಯರೇ, ದಾದಿಯರೇ, ಕುರ್ಚಿ ಸಾಲದೆ ಬಾಗಿಲಲ್ಲೇ ನಿಂತಿರುವ ನನ್ನ ಕೌಂಟರಿನ ಗೆಳೆಯರೇ, ಸಭಿಕರೇ.

ಇಪ್ಪತ್ತೈದು ವರ್ಷ ಟೋಕನ್ ಕೌಂಟರಿನಲ್ಲಿ ಕೂತು ಒಬ್ಬರಿಗೂ ರಿಯಾಯಿತಿ ತೋರಿಸಲಿಲ್ಲ ಅಂತ ನನಗೆ ಈ ಫಲಕ ಕೊಟ್ಟಿದ್ದೀರಿ. ಸಮಯದ ಬೆಲೆ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದಿದ್ದೀರಿ. ಎದುರಿನ ಗಡಿಯಾರದಲ್ಲಿ ಈಗ ಐದೂ ಐವತ್ತು. ನನ್ನ ಹತ್ತಿರ ಇರೋದೂ ಹತ್ತೇ ನಿಮಿಷ. ಯಾಕೆ ಅಂದ್ರೆ ಇದೇ ಕಟ್ಟಡದ ಮೂರನೇ ಮಹಡೀಲಿ ನಮ್ಮಕ್ಕ ಮಲಗಿದಾಳೆ. ಆರಕ್ಕೆ ಭೇಟಿ ವೇಳೆ ಮುಗಿಯುತ್ತೆ. ಬೆಳಿಗ್ಗೆ ಡಾಕ್ಟರು ಹೇಳಿದ್ರು: "ಮಾತಾಡೋದೇನಾದ್ರೂ ಇದ್ರೆ ಇವತ್ತೇ ಮಾತಾಡಿಬಿಡಿ. ನಾಳೆ ಗಂಟಲಿಗೆ ನಳಿಕೆ ಹಾಕ್ತೀವಿ. ಆಮೇಲೆ ಏನಾಗುತ್ತೋ ಹೇಳೋಕಾಗಲ್ಲ."

ಮತ್ತೆ ಇಲ್ಲೇನಯ್ಯ ಮಾಡ್ತಿದೀಯ ಅಂತೀರಾ? ಅನ್ನಿ. ನಾಲ್ಕಕ್ಕೇ ಬಂದೆ ನಾನು. ಅತಿಥಿಗಳು ಇನ್ನೇನು ಬಂದ್ರು, ಇನ್ನೇನು ಬಂದ್ರು ಅಂದ್ರು. ಮೇಲೆ ಹೋಗಿ ಬರೋಕೆ ಎಷ್ಟು ಹೊತ್ತು? ಆದ್ರೆ ಮೊದಲನೇ ಸಾಲಲ್ಲಿ ಕುರ್ಚಿ ಹಾಕಿ, ಅದರ ಬೆನ್ನಿಗೆ ನನ್ನ ಹೆಸರಿನ ಚೀಟಿ ಅಂಟಿಸಿದ್ರು. ನಾನು ಎದ್ರೆ ಬೇರೆ ಯಾರಾದ್ರೂ ಕೂತುಬಿಡ್ತಾರೆ ಅನ್ನಿಸ್ತು. ಕೂತೆ. ಐದೂವರೆವರೆಗೆ ಕೂತೇ ಇದ್ದೆ. ಇಷ್ಟೇ ಸಭಿಕರೇ, ಸಮಯದ ಬೆಲೆ ಬಗ್ಗೆ ನನಗೆ ಗೊತ್ತಿರೋದು.

ನಮ್ಮಕ್ಕ ದರ್ಜಿ ಅಂಗಡೀಲಿ ಗುಂಡಿಯ ಕಾಜಾ ಹೊಲಿತಿದ್ಲು. ಅಂಗಿಗೆ ಏಳು ಕಾಜಾ. ಅದರಲ್ಲೇ ನನ್ನ ಓದಿಸಿದ್ಲು. ನಾನು ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳ ಮನೆಗೆ ಎಷ್ಟು ಸಲ ಹೋದೆ? ಭಾನುವಾರ ಬಿಡುವಿತ್ತಲ್ಲ ಅಂತೀರಾ? ಭಾನುವಾರ ನಾನು ರಟ್ಟಿನ ಟೋಕನ್‌ಗಳ ಮೇಲೆ ಮಾಸಿದ ನಂಬರುಗಳನ್ನ ತಿದ್ದುತಿದ್ದೆ, ಒಂದರಿಂದ ಇನ್ನೂರರವರೆಗೆ. ಯಾರೂ ಹೇಳಿರಲಿಲ್ಲ. ನನಗೇ ಅದೊಂದು ಹುಚ್ಚು.

ಆಮೇಲೆ ಅವಳೇ ಬರೋಕೆ ಶುರು ಮಾಡಿದ್ಲು. ಪ್ರತಿ ಮಂಗಳವಾರ. ಎಲ್ಲರ ಹಾಗೆ ಸಾಲಲ್ಲಿ ನಿಂತು ಟೋಕನ್ ತಗೊಂಡು, ನನ್ನ ಕಿಟಕಿ ಕಾಣೋ ಬೆಂಚಲ್ಲಿ ಕೂರ್ತಿದ್ಲು. ನನಗೂ ಹೆಮ್ಮೆ, ನೋಡಿ, ಒಡಹುಟ್ಟಿದೋಳನ್ನೂ ಸಾಲಲ್ಲಿ ನಿಲ್ಲಿಸ್ತೀನಿ ಅಂತ! ಒಂದು ಮಂಗಳವಾರ ಅವಳ ನಂಬರು ಕೂಗಿದ್ರೆ ಮಗು ಎತ್ಕೊಂಡ ಇನ್ಯಾರೋ ಹೆಂಗಸು ಎದ್ದು ಬಂದ್ಲು. ನಾನು ಕಿಟಕಿಯಿಂದಲೇ ಅಕ್ಕನ್ನ ಗದರಿದೆ: "ಏನಕ್ಕ ಇದು, ಟೋಕನ್ ಅದಲು ಬದಲು ಮಾಡೋ ಹಾಗಿಲ್ಲ ಅಂತ ಗೊತ್ತಿಲ್ವಾ?"

ಅವಳು ನಕ್ಕಳು. "ನನಗೆಂಥ ಕಾಯಿಲೆಯೋ ಮಾರಾಯ? ಮನೇಲಂತೂ ನೀನು ಸಿಗಲ್ಲ. ಮುಖ ನೋಡ್ಕೊಂಡು ಹೋಗೋಣ ಅಂತ ಬರ್ತೀನಿ. ಸರದಿ ಹತ್ತಿರ ಬಂದಾಗ ಪಾಪ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ನೂರು ಜನ ಇದ್ದ ಹಜಾರದಲ್ಲಿ ನಾನೇನು ಹೇಳಿದೆ ಗೊತ್ತಾ? "ಕಾಯಿಲೆ ಇಲ್ಲದೋರು ಇಲ್ಲಿ ಬಂದು ಕೂರಬಾರದು."

ಎದ್ದು ಹೋದ್ಲು. ಮತ್ತೆ ಬರಲಿಲ್ಲ. ಕಾಯಿಲೆ ಬಂದಾಗಲೂ ಬರಲಿಲ್ಲ. ಎಂಟು ತಿಂಗಳು ಹೊಟ್ಟೆ ಹಿಡ್ಕೊಂಡು ಮನೇಲೇ ಕೂತಿದ್ಲು. ಕೊನೆಗೆ ಪಕ್ಕದ ಮನೆಯೋರು ಎತ್ತಿ ತಂದು ಹಾಕಿದ್ರು. ಐದು ದಿನದಿಂದ ದಿನಾ ಹೋಗ್ತೀನಿ. ಹೊದಿಕೆ ಸರಿ ಮಾಡ್ತೀನಿ, ನೀರು ಕುಡಿಸ್ತೀನಿ, ದಾದಿಯರನ್ನ ಬೈತೀನಿ. ಆ ಮಂಗಳವಾರದ ಮಾತು ಮಾತ್ರ ಬಾಯಿಗೆ ಬರೋದಿಲ್ಲ. ಮೈಕು ಕೊಟ್ರೆ ನೋಡಿ ಹೇಗೆ ಬರ್ತಿದೆ! ಕೇಳಬೇಕಾದೋಳು ಮೂರನೇ ಮಹಡೀಲಿ, ಕೇಳ್ತಿರೋರು ನೀವು.

ಆರು ಹೊಡೀತು. ವಾರ್ಡಿಗೆ ಹೋಗೋ ಗೇಟು ಹಾಕಿರ್ತಾರೆ. ಅಲ್ಲಿರೋ ಕಾವಲುಗಾರ್ತಿಗೆ ಕೆಲಸ ಕಲಿಸಿದ್ದೇ ನಾನು, ಒಂದು ನಿಮಿಷ ಆಚೀಚೆ ಮಾಡೋಳಲ್ಲ. ಹೋದ ವರ್ಷ ಅವಳಿಗೆ ಕೆಲಸ ಕಲಿಸ್ತಾ ಗೇಟಲ್ಲಿ ನಾನೇ ನಿಂತಿದ್ದಾಗ ಒಬ್ಬ ಬಡಗಿ, ಕೈಯೆಲ್ಲ ಮರದ ಪುಡಿ, ಆರು ದಾಟಿ ಎರಡು ನಿಮಿಷಕ್ಕೆ ಓಡಿ ಬಂದ. "ಹೆಂಡ್ತಿ ಮುಖ ನೋಡಿ ಬಂದುಬಿಡ್ತೀನಿ ಅಣ್ಣ" ಅಂದ. ನಾಳೆ ನಾಲ್ಕಕ್ಕೆ ಬನ್ನಿ ಅಂದೆ. ಮಾರನೇ ದಿನ ನಾಲ್ಕರವರೆಗೆ ಅವನ ಹೆಂಡ್ತಿ ಉಳೀಲಿಲ್ಲ.

ನಿರ್ದೇಶಕರು ಫೋನ್ ತೋರಿಸಿ ಸನ್ನೆ ಮಾಡ್ತಿದಾರೆ, ಗೇಟಿಗೆ ಹೇಳ್ತೀನಿ ಅಂತ. ಬೇಡ ಸಾರ್ ಅನ್ನಬೇಕು ನಾನು. ಈ ಫಲಕ ಹಿಡ್ಕೊಂಡಿರೋನು ಬೇಡ ಅನ್ನಲೇಬೇಕು. ಆ ಬಡಗಿ ಇಲ್ಲೆಲ್ಲಾದ್ರೂ ಕೂತಿದ್ರೆ ಉಗಿಯಲಿ. ಮಾಡಿ ಸಾರ್, ದಯವಿಟ್ಟು ಮಾಡಿ. ಎರಡು ನಿಮಿಷ ಬಿಡು ಅನ್ನಿ. ಅಲ್ಲ, ಐದು ಅನ್ನಿ, ಮೆಟ್ಟಿಲು ಹತ್ತಬೇಕು.

ಇಷ್ಟು ಹೊತ್ತು ಕೂತು ಕೇಳಿದ್ರಿ, ದೊಡ್ಡ ಉಪಕಾರ. ಸ್ವಲ್ಪ ದಾರಿ ಬಿಡಿ. ನಮಸ್ಕಾರ.