ಕಾಶಿಗೆ ಹೊರಟ ವ್ಯಾನು

ಹೂ ಮಾರುವ ನೀಲ ತನ್ನ ಬುಟ್ಟಿ ಪಕ್ಕಕ್ಕಿಟ್ಟು, ಬಿಳಿ ವ್ಯಾನಿನ ನಾಲ್ಕು ಚಕ್ರಗಳ ಮುಂದೂ ಒಂದೊಂದು ನಿಂಬೆಹಣ್ಣು ಇಟ್ಟಳು. ಬನಶಂಕರಿ ಗುಡಿಗೆ ವಾಹನ ಪೂಜೆಗೆಂದು ಬಂದವರಿಗೆ ಅವಳು ದಿನವೂ ಮಾತಿಲ್ಲದೆ ಮಾಡಿಕೊಡುವ ಕೆಲಸ ಅದು. ಅರ್ಚಕರು ದೇವಿಯ ಪಾದಕ್ಕೆ ಮುಟ್ಟಿಸಿ ತಂದ ಕೀಲಿಯನ್ನು ಎಂದಿನಂತೆ ಮನೆಯ ಹಿರಿಯರಾದ ಗಂಗಾಧರಯ್ಯನವರಿಗೆ ಕೊಟ್ಟು ಒಳಗೆ ಹೋದರು. ಮಗ ದೀಪಕ್ ಕಟ್ಟು ಹಾಕಿದ ಬಲಗೈ ಹೊತ್ತು ಹಿಂದಿನ ಸೀಟಿನಲ್ಲಿ ಕೂತಿದ್ದ.

"ರೀ, ಕೀ ಇಲ್ಲಿ ಕೊಡಿ. ಗಾಡಿ ಓಡ್ಸೋಳು ದಿವ್ಯ," ಎಂದರು ಹೆಂಡತಿ ಅಂಜನಮ್ಮ.

"ಇವ್ನ ಕೈ ವಾಸಿಯಾಗ್ಲಿ ಕಣೆ. ಮುಂದಿನ ತಿಂಗಳು ಹೋಗೋಣ."

"ಮದ್ವೆ ಆದಾಗಿಂದ ಮುಂದಿನ ತಿಂಗಳೇ ಕೇಳ್ತಿದೀನಿ."

"ಕಾಶಿ ಅಂದ್ರೆ ಜಯನಗರ ಅಂದ್ಕೊಂಡ್ಯಾ? ಸೊಸೆ ಒಬ್ಳೇ ಅಷ್ಟು ದೂರ ಓಡಿಸ್ಬೇಕಲ್ಲ."

"ಒಬ್ಳೇ ಯಾಕೆ? ನಾನು ಪಕ್ಕದಲ್ಲಿ ಕೂತು ದಾರಿ ಕೇಳ್ತೀನಿ."

"ಹಿಂದಿ ಬರುತ್ತಾ ನಿಂಗೆ?"

"ಬಾಯಿದೆಯಲ್ಲ."

"ಮಾವ, ನಾಗಪುರದವರೆಗೂ ನಿಧಾನವಾಗೇ ಹೋಗ್ತೀನಿ," ಎಂದಳು ದಿವ್ಯ.

"ಆಮೇಲೆ?"

"ಅಷ್ಟೊತ್ತಿಗೆ ನಿಮಗೆ ಅಭ್ಯಾಸ ಆಗಿರುತ್ತೆ."

ಅಂಜನಮ್ಮ ಗಂಡನ ಕೈಯಿಂದ ಕೀಲಿ ತೆಗೆದು, ಕಣ್ಣಿಗೊತ್ತಿಕೊಂಡು ಸೊಸೆಗೆ ಕೊಟ್ಟರು. ಎಷ್ಟೋ ಗಾಡಿಗಳಿಗೆ ನಿಂಬೆಹಣ್ಣಿಟ್ಟ ನೀಲ, ಆ ಕೀಲಿ ಹೆಂಗಸೊಬ್ಬಳ ಕೈಗೆ ಹೋದದ್ದನ್ನು ನೋಡಿದ್ದು ಅಂದೇ. ಎಲ್ಲರೂ ಹತ್ತಿದ ಮೇಲೆ ದಿವ್ಯ ಗಾಡಿ ಮುಂದಕ್ಕೆ ಬಿಟ್ಟಳು; ನಾಲ್ಕೂ ಹಣ್ಣುಗಳು ಒಟ್ಟಿಗೆ ಒಡೆದವು. ವ್ಯಾನು ಒಂದಿಷ್ಟೂ ಎಗರಲಿಲ್ಲ. ನೀಲಳಿಗೆ ತಾನೇ ಓಡಿಸಿದಷ್ಟು ಹೆಮ್ಮೆಯಾಯಿತು.

ವ್ಯಾನು ರಸ್ತೆಗಿಳಿಯುವಾಗ ಹಿಂದಿನ ಕಿಟಕಿಯಿಂದ ಗಂಗಾಧರಯ್ಯನವರ ದನಿ ಕೇಳಿಸಿತು.

"ಚಿಕ್ಕಬಳ್ಳಾಪುರ ದಾಟಿದ ಮೇಲಾದ್ರೂ ನನ್ನನ್ನ ಮುಂದಿನ ಸೀಟಲ್ಲಿ ಕೂರಿಸ್ರೇ."