ಬಾವಿಗೆ ಬೆನ್ನು ತೋರಿಸದವನು

ಆ ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು. ಇದು ಅವರಿವರ ಬಾಯಿಂದ ಬಂದದ್ದಲ್ಲ, ನಮ್ಮಮ್ಮನ ಸೋದರಮಾವನಿಗೇ ಆದದ್ದು. ಪೊಲೀಸಿನಲ್ಲಿ ಪತ್ತೇದಾರರಾಗಿದ್ದರು. ಅವರ ಅನುಮಾನ ಎಂಥದ್ದೆಂದರೆ, ಹೆಂಡತಿ ಕುಡಿಯಲು ನೀರು ಕೊಟ್ಟರೂ ಮೊದಲು ಅವಳ ಮುಖ ನೋಡಿ ಆಮೇಲೆ ಲೋಟಕ್ಕೆ ಕೈ ಹಾಕುತ್ತಿದ್ದರು. ದೆವ್ವ ಅಂದರೆ ನಕ್ಕುಬಿಡುವವರು... ಆ ರಾತ್ರಿಯವರೆಗೆ.

ಅದು ಯುದ್ಧದ ಕಾಲ. ಶತ್ರು ವಿಮಾನಗಳಿಗೆ ಕಾಣಬಾರದೆಂದು ಊರಿಗೆ ಊರೇ ದೀಪ ಆರಿಸಿಕೊಂಡು ಕೂರುತ್ತಿತ್ತು. ಅಂಥದ್ದರಲ್ಲಿ ಒಂದು ಸಂಜೆ ದೊರೆಯ ತಮ್ಮ, ಎಲ್ಲರೂ ಚಿಕ್ಕ ದೊರೆ ಅನ್ನುತ್ತಿದ್ದವರು, ಕಾಣೆಯಾದರು. ಶತ್ರುಗಳ ಕಡೆ ಸೇರಿಕೊಂಡರಂತೆ ಎಂದು ಗುಸುಗುಸು ಎದ್ದಿತು. ಹಾಗಾದರೆ ಗಡಿ ದಾಟಿಸಿದವರು ಯಾರು? ಕೊನೆಯ ಸಲ ಅವರನ್ನು ಕಾರಿನಲ್ಲಿ ಕೂರಿಸಿಕೊಂಡಿದ್ದ ಡ್ರೈವರನನ್ನು ಎಳೆದು ಒಳಗೆ ಹಾಕಿದರು. ಆ ಡ್ರೈವರ್ ಬೇರೆ ಯಾರೂ ಅಲ್ಲ, ಮಾವನ ಹೆಂಡತಿಯ ತಮ್ಮ. ಅರಮನೆಯ ಹಿಂಬಾಗಿಲಲ್ಲಿ ಇಳಿಸಿ ಬಂದೆ, ಅಷ್ಟೇ ನನಗೆ ಗೊತ್ತಿರೋದು ಎಂದು ಅವನು ಬಾಯಿ ಬಾಯಿ ಬಡಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದ್ರೋಹದ ಆರೋಪ. ಬೆಳಕು ಹರಿದರೆ ಗುಂಡಿಕ್ಕಬೇಕೆಂದು ಅಪ್ಪಣೆಯಾಗಿತ್ತು.

ಮಾವ ಹುಡುಕದ ಜಾಗವಿರಲಿಲ್ಲ, ಕೇಳದ ಆಳಿರಲಿಲ್ಲ. ಆದರೆ ನಿಜ ಹೇಳಬೇಕೆಂದರೆ ಅವರಿಗೆ ಭಾಮೈದನ ಮೇಲೂ ಒಂದು ಕಣ್ಣಿತ್ತು. ಹೆಂಡತಿ ಅದನ್ನು ಕಂಡುಕೊಂಡು ಮಾತು ಬಿಟ್ಟಿದ್ದಳು. ಆ ರಾತ್ರಿ ಠಾಣೆಯಿಂದ ಬರಿಗೈಲಿ ಹೊರಟಾಗ, ಬಾಗಿಲು ತೆಗೆಯುವವಳಿಗೆ ಏನು ಹೇಳಲಿ ಎನ್ನುವುದೊಂದೇ ಅವರ ಯೋಚನೆ.

ದಾರಿ ಅರಮನೆಯ ಹಿಂಗೋಡೆ ಪಕ್ಕದ ಓಣಿಯಲ್ಲಿ. ನಡುವೆ ಒಂದು ಹಳೇ ಬಾವಿ. ಅದರ ಕಬ್ಬಿಣದ ರಾಟೆಯನ್ನು ಫಿರಂಗಿ ಮಾಡೋಕೆ ಬೇಕು ಅಂತ ಆಗಲೇ ಕಿತ್ತುಕೊಂಡು ಹೋಗಿದ್ದರು. ಕತ್ತಲಲ್ಲಿ ಯಾರಾದರೂ ಬಿದ್ದಾರು ಎಂದು ಬಾಯಿಗೆ ಹಲಗೆ ಬಡಿದಿದ್ದರು.

ಕಿರ್ರ್...

ಮಾವ ನಿಂತರು. ಎಣ್ಣೆ ಕಾಣದ ರಾಟೆ ತಿರುಗುವ ಸದ್ದು. ಕಿರ್ರ್... ಕಿರ್ರ್... ಆಮೇಲೆ ಇಲ್ಲ. ಇಲ್ಲದ ರಾಟೆ ತಿರುಗುವುದು ಹೇಗೆ? ಯಾರೋ ಆಟ ಆಡುತ್ತಿದ್ದಾರೆ ಎಂದುಕೊಂಡರು. ಗೋಡೆಗೆ ಒತ್ತಿಕೊಂಡು ಕಾದರು.

ಸರ್... ಸರ್... ಚಪ್ಪಲಿ ಎಳೆಯುವ ಸದ್ದು. ಬಾವಿ ಕಡೆಯಿಂದ ಒಂದು ಆಕಾರ ಬರುತ್ತಿತ್ತು. ಹತ್ತಿರ ಬಂತು... ಇನ್ನೂ ಹತ್ತಿರ... ಮುಖವೇ ಇಲ್ಲ. ಆಮೇಲೆ ತಿಳಿಯಿತು, ಮುಖ ಇತ್ತು, ಆದರೆ ಆ ಕಡೆಗೆ. ಮನುಷ್ಯ ನಡು ಬಗ್ಗಿಸಿ ಹಿಂದು ಹಿಂದಕ್ಕೇ ಹೆಜ್ಜೆ ಇಡುತ್ತ ಬರುತ್ತಿದ್ದ.

ಮಾವ ಭುಜ ಹಿಡಿದರು. ನೋಡಿದರೆ ಅಂಗಿ ತಾತ. ಚಿಕ್ಕ ದೊರೆ ಮಗುವಾಗಿದ್ದಾಗಿನಿಂದ ಅವರಿಗೆ ಅಂಗಿ ತೊಡಿಸುತ್ತಿದ್ದ ಮುದುಕ. ಅವರು ಕಾಣೆಯಾದಾಗ ಅರಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನು.

"ಇಲ್ಲೇನು ಮಾಡ್ತಿದ್ದೀರಿ?" ಮಾವ ಪಿಸುಗುಟ್ಟಿದರು.

"ನಿದ್ದೆ ಬರಲಿಲ್ಲ..."

"ಹಿಂದಕ್ಕೆ ಯಾಕೆ ನಡೀತಿದ್ರಿ?"

ಮುದುಕ ಬಾವಿ ಕಡೆ ಒಮ್ಮೆ ಕಣ್ಣು ಹಾಯಿಸಿ ತಲೆ ತಗ್ಗಿಸಿದ.

ಮಾವನ ತಲೆಯಲ್ಲಿ ಆಗ ದೀಪ ಹತ್ತಿತು. ಅರಮನೆಯಲ್ಲಿ ಒಂದು ಪದ್ಧತಿ. ದೊರೆಮನೆಯವರ ಎದುರಿನಿಂದ ಹೊರಡುವ ಆಳು ಬೆನ್ನು ತೋರಿಸುವಂತಿಲ್ಲ, ತಲೆ ತಗ್ಗಿಸಿ ಹಿಂದಕ್ಕೇ ಹೆಜ್ಜೆ ಹಾಕಬೇಕು. ಹುಟ್ಟಿದಾಗಿನಿಂದ ಹಾಗೇ ನಡೆದ ಕಾಲು ಮುದುಕನದು. ಬರಿಯ ಬಾವಿಗೆ ಇವನು ಯಾಕೆ ಇಷ್ಟು ಮರ್ಯಾದೆ ಕೊಡಬೇಕು?

ಕಾವಲಿನವರನ್ನು ಎಬ್ಬಿಸಿ ಹಲಗೆ ಕೀಳಿಸಿದರು. ಮೊಳೆಗಳು ಕೀಂಯ್... ಕೀಂಯ್ ಎಂದು ಒಂದೊಂದಾಗಿ ಎದ್ದವು. ಒಳಗಿಂದ ಎದ್ದ ವಾಸನೆಗೆ ಒಬ್ಬ ಕಾವಲಿನವನು ಗೋಡೆ ಹಿಡಿದು ಕಕ್ಕಿದ. ಚಿಕ್ಕ ದೊರೆ ಯಾವ ಶತ್ರುವಿನ ಹತ್ತಿರವೂ ಹೋಗಿರಲಿಲ್ಲ. ಬಾವಿಗೆ ಹಲಗೆ ಬಡಿಯಿರಿ ಎಂದು ಬುದ್ಧಿ ಹೇಳಿದವನು ಇದೇ ತಾತನಂತೆ. ಆಗ ಎಲ್ಲರೂ ಎಂಥ ಒಳ್ಳೇ ಮನಸ್ಸು ಎಂದು ಹೊಗಳಿದ್ದರು.

ಮುದುಕ ಎಲ್ಲ ಒಪ್ಪಿಕೊಂಡ. ಇದ್ದೊಬ್ಬ ಮೊಮ್ಮಗನನ್ನು ಯುದ್ಧಕ್ಕೆ ಕಳಿಸಬೇಡಿ ಎಂದು ಕಾಲು ಹಿಡಿದಿದ್ದನಂತೆ. ಚಿಕ್ಕ ದೊರೆ ನಕ್ಕು, ಕೋಟಿನ ಗುಂಡಿ ಹಾಕು ಎಂದರಂತೆ. ಮೊಮ್ಮಗ ಹೋದವನು ತಿರುಗಿ ಬರಲಿಲ್ಲ. ಕೇಳಿ ಮಾವನಿಗೂ ಪಾಪ ಅನ್ನಿಸಿತು. ಆದರೂ ತಮ್ಮ ಜಾಣತನ ತೋರಿಸದೆ ಇರಲಾಗಲಿಲ್ಲ.

"ನಿಮ್ಮ ಅಭ್ಯಾಸವೇ ನಿಮ್ಮನ್ನ ಹಿಡಿದುಕೊಡ್ತು, ತಾತ."

ಮುದುಕ ತಲೆಯೆತ್ತಿದ. "ಅಭ್ಯಾಸ ಅಲ್ಲ ಸ್ವಾಮಿ. ತಳ್ಳಿದ ದಿನ ಬೆನ್ನು ತಿರುಗಿಸಿ ಓಡಿದ್ದೆ. ಕೊಲ್ಲೋನಿಗೆ ಎಂಥ ಮರ್ಯಾದೆ?"

"ಮತ್ತೆ ಇವತ್ತು?"

"ಇವತ್ತು ಕರೆದ್ರು, ಹೋದೆ. ಹಲಗೆ ಮೇಲೆ ಕೂತಿದ್ರು..." ಮುದುಕ ದನಿ ಇನ್ನೂ ತಗ್ಗಿಸಿದ. "ನಿಮಗೆ ಕಾಣಲಿಲ್ವಾ? ನೀವು ನನ್ನ ಭುಜ ಹಿಡಿದಾಗ ನಿಮ್ಮನ್ನೇ ನೋಡ್ತಿದ್ರು."

ಮಾವ ಬಾವಿ ಕಡೆ ಒಮ್ಮೆ ತಿರುಗಿ ನೋಡಿದರು. ಆದರೆ ನಿಲ್ಲುವ ಹೊತ್ತಲ್ಲ. ಗುಂಡಿಕ್ಕುವ ಅಪ್ಪಣೆ ನಿಲ್ಲಿಸಿಕೊಂಡು ಸೆರೆಮನೆಗೆ ಓಡಿದರು. ಇನ್ನೂ ಮಬ್ಬುಗತ್ತಲು. ಕಾವಲುಗಾರ ಬೀಗ ತೆಗೆದ. ಖಟ್. ಭಾಮೈದ ಮರದ ಬೆಂಚಿನ ಒಂದು ತುದಿಯಲ್ಲಿ ಬೂಟು ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದ. ಮುಖದಲ್ಲಿ ಒಂಚೂರೂ ಭಯವಿರಲಿಲ್ಲ.

"ಬರ್ತೀರಿ ಅಂತ ಗೊತ್ತಿತ್ತು, ಭಾವ," ಎಂದ.

ಮಾವ ಹತ್ತಿರ ಹೋದರು. ಇಂಥವನ ಮೇಲೆ ಅನುಮಾನ ಪಟ್ಟೆನಲ್ಲ ಎಂದು ಅವನ ತಲೆ ಮೇಲೆ ಕೈಯಿಟ್ಟರು. ಆಮೇಲೆ ಹುಟ್ಟುಗುಣ ಬಿಡಬೇಕಲ್ಲ, ಕೇಳಿದರು.

"ಯಾರು ಹೇಳಿದ್ರು?"

"ಚಿಕ್ಕ ದೊರೆಗಳೇ. ಈಗ ತಾನೇ ಎದ್ದು ಹೋದ್ರು. ನಿಮ್ಮ ಭಾವ ಬರ್ತಿದ್ದಾರೆ, ತಯಾರಾಗು ಅಂದ್ರು. ಎಲ್ಲಿ ಸಿಕ್ರು ಭಾವ ಅವರು? ಪಾಪ, ಚಳಿಗೆ ನಡುಗ್ತಿದ್ರು."

ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು, ರಾತ್ರಿಯಿಡೀ ನೊಣ ಕೂಡ ಒಳಗೆ ಹೋಗಿಲ್ಲ ಎಂದು ಕಾವಲುಗಾರ ಆಣೆ ಮಾಡಿದ.

ಟಪ್...

ಭಾಮೈದ ಕೂತಿದ್ದ ತುದಿ ಒಣಗಿತ್ತು. ಬೆಂಚಿನ ಇನ್ನೊಂದು ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾವ ಮುಟ್ಟಿ ನೋಡಿದರು. ಕೈ ಜೋಮು ಹಿಡಿಯುವಷ್ಟು ತಣ್ಣಗಿತ್ತು.

ನೀವು ನಗಿ, ಬಿಡಿ, ನಡೆದದ್ದು ನಡೆದದ್ದೇ. ಆ ಬೆಂಚನ್ನು ಹೊರಗೆ ತಂದು ಬಿಸಿಲಿಗೆ ಹಾಕಿದ್ದನ್ನು ಊರೆಲ್ಲ ನೋಡಿದೆ. ಸಂಜೆಯಾದರೂ ಆ ಒಂದು ತುದಿ ಮಾತ್ರ ಒಣಗಲಿಲ್ಲ.