ಸೆರಗಿಗೆ ಹತ್ತದ ಮಸುಕು

ಇಂದಿನ ಸಭೆಯ ಅಧ್ಯಕ್ಷರೂ ನಮ್ಮ ಕುಷಾಯಿಗೂಡ ಕನ್ನಡ ಬಳಗದ ಹಿರಿಯರೂ ಆದ ಶ್ರೀ ವೀರಭದ್ರಪ್ಪನವರೇ, ಇಂಥ ಬೇಸಗೆಯಲ್ಲೂ ಎದೆಗುಂದದೆ ನನಗೆ ಶಾಲು ಹೊದಿಸಿದ ಮುಖ್ಯ ಅತಿಥಿಗಳೇ, ಆರತಿ ಎತ್ತಿ ಅಕ್ಷತೆ ಹಾಕಿದ ತಾಯಂದಿರೇ, ಫ್ಯಾನಿನ ಕೆಳಗೆ ಕುಳಿತ ಪುಣ್ಯವಂತ ಸಭಿಕರೇ, ಫ್ಯಾನು ಸಿಗದ ಉಳಿದ ಸಭಿಕರೇ,

ಸಮುದ್ರವಿಲ್ಲದ ಊರಿನಲ್ಲಿ ಸಮುದ್ರದ ಜೀವಿಗಳ ಫೋಟೋ ತೆಗೆಯುವವನನ್ನು ಕರೆದು ಸನ್ಮಾನಿಸಿದ್ದೀರಿ. ಬೋಳುತಲೆಯವರ ಸಂಘ ಬಾಚಣಿಗೆ ಮಾರುವವನಿಗೆ ಹಾರ ಹಾಕಿದ ಹಾಗಾಯಿತು. ಅಧ್ಯಕ್ಷರು ಕ್ಷಮಿಸಬೇಕು, ಇದು ಬರೀ ಹೋಲಿಕೆ.

ಮೊದಲ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತವಳು ನನ್ನ ಅವ್ವ, ಗದಿಗೆಮ್ಮ. ನಾನು ಮೈಕಿನ ಮುಂದೆ ನಿಂತ ಗಳಿಗೆಯಿಂದ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದಾಳೆ. ಬಾಯಿ ಮುಚ್ಚು ಎಂದು. ಆಗಲಿ ಅವ್ವ, ಬೇಗ ಮುಗಿಸುತ್ತೇನೆ.

ಹೋದ ವಾರ ಅವಳ ಕಣ್ಣಿನ ಪೊರೆ ತೆಗೆದರು. 'ಭಾಳ ತಡ ಮಾಡಿ ಬಂದೀರಿ, ಎಷ್ಟು ಬೆಳಕು ಮರಳಿ ಬರತದೋ ನೋಡಬೇಕು' ಎಂದರು ಡಾಕ್ಟರು. ಪಟ್ಟಿ ಬಿಚ್ಚಿದ ದಿನದಿಂದ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದೇವೆ: ಅವ್ವ, ಕಾಣುತ್ತದೆಯೇ? ಅವಳದು ಒಂದೇ ಉತ್ತರ: 'ಆ ಫೋಟೋ ಮೊದಲು ನೋಡ್ತೀನಿ, ಆಮ್ಯಾಲ ಹೇಳ್ತೀನಿ.' ಆ ಫೋಟೋ ಎಂದರೆ ಇಲ್ಲಿ ನನ್ನ ಪಕ್ಕದಲ್ಲಿ ಬಟ್ಟೆ ಹೊದ್ದು ನಿಂತಿದೆಯಲ್ಲ, ಇದು. ಹಾಗಾಗಿ ಸಭಿಕರೇ, ಇವತ್ತು ನನ್ನ ನಿಜವಾದ ಪರೀಕ್ಷಕರು ನೀವಲ್ಲ.

ಅಕ್ವೇರಿಯಂನಲ್ಲಿ ಫೋಟೋ ತೆಗೆಯುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ನಾನು ಕಲಬುರಗಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನು, ಪ್ರಾಸವಿಲ್ಲದೆ ನನಗೆ ಯಾವ ಪಾಠವೂ ತಲೆಗೆ ಹೋಗಿಲ್ಲ. ಆದ್ದರಿಂದ ಹೀಗೆ: ಮೈ ಮೇಲೆ ಕಪ್ಪು ಬಟ್ಟೆ, ಕ್ಯಾಮೆರಾ ಹಿಡಿಯಲು ಗಟ್ಟಿ ರಟ್ಟೆ, ಇಷ್ಟಿದ್ದರೆ ಚಿತ್ರ ಕೊಟ್ಟೆ! ಕಪ್ಪು ಏಕೆ? ಬಿಳಿ ಅಂಗಿ ತೊಟ್ಟು ಗಾಜಿನ ಮುಂದೆ ನಿಂತರೆ ಶಾರ್ಕಿನ ಹೊಟ್ಟೆಯೊಳಗೆ ನೀವೇ ನಿಂತಿರುತ್ತೀರಿ, ಮುಂಡಾಸು ಕಟ್ಟಿದ ಮದುಮಗನ ಹಾಗೆ. ಫ್ಲ್ಯಾಷ್ ಹಾಕಿದರೆ ಮೀನಿಗೆ ಬೆದರು, ಚಿತ್ರಕ್ಕೆ ಕೆಸರು. ಲೆನ್ಸಿನ ಮೂತಿಗೆ ರಬ್ಬರಿನ ಬಳೆ ತೊಡಿಸಿ ಗಾಜಿಗೆ ನೇರವಾಗಿ ಒತ್ತಿ ಹಿಡಿಯಬೇಕು. ಅದಕ್ಕೂ ಮೊದಲು ಗಾಜು ಒರೆಸಬೇಕು. ಈಚೆಯ ಕೊಳೆ ನಾವು ಒರೆಸಬಹುದು. ಆಚೆಯ ಕೊಳೆಗೆ ಮಾತ್ರ ನಮ್ಮ ಕೈ ಸಾಲದು.

ಇಷ್ಟೆಲ್ಲ ವಿದ್ಯೆಗೆ ಮನೆಯಲ್ಲಿ ಸಿಕ್ಕ ಗೌರವ ಏನು? 'ಸೋಮವಾರ ದಿನ ಕರಿ ಅಂಗಿ ಹಾಕ್ಕೊಂಡು ಹೊಂಟೀಯಲ್ಲೊ, ಯಾರ ಮನಿ ದೀಪ ಆರಸಾಕ?' ಇವತ್ತಿನ ಈ ಬಿಳಿ ಅಂಗಿ ಅವ್ವನ ಅಪ್ಪಣೆ.

ಅವ್ವನ ಕಣ್ಣಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಫೋಟೋ ನಿಮಗೆ ಅರ್ಥವಾಗುವುದಿಲ್ಲ. ಅಪ್ಪ ಹೋದ ಮೇಲೆ ಸೇಡಂನಿಂದ ನನ್ನನ್ನು ಕಟ್ಟಿಕೊಂಡು ಈ ಊರಿಗೆ ಬಂದವಳು ಅವಳು. ಬೇಗಂ ಬಜಾರಿನ ಕಿರಾಣಿ ಅಂಗಡಿಗಳಿಗೆ ಅಕ್ಕಿ, ಬೇಳೆ ಹಸನು ಮಾಡಿ ಕೊಡುತ್ತಿದ್ದಳು. ಮೊರದಲ್ಲಿ ಅಕ್ಕಿ ಹರವಿದರೆ ಸಾಕು, ಅಕ್ಕಿಯ ಬಣ್ಣದ್ದೇ ಕಲ್ಲು ತಾನಾಗಿ ಎದ್ದು ಅವಳ ಬೆರಳಿಗೆ ಬರುತ್ತಿತ್ತು. 'ಗದಿಗೆಮ್ಮ ಕಣ್ಣಾಡಿಸಿದ ಅಕ್ಕಿ' ಎಂದರೆ ಸೇಠಜಿಗಳು ಚೀಲ ಬಿಚ್ಚಿಯೂ ನೋಡುತ್ತಿರಲಿಲ್ಲ. ನಾನು ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಓದಿದ್ದು, ಮರಳಿ ಬಂದು ಇಲ್ಲಿ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ್ದು, ಎಲ್ಲಕ್ಕೂ ಆ ಎರಡು ಕಣ್ಣೇ ಕಾರಣ.

ಅಂಥವಳಿಗೆ ಕಣ್ಣು ಮಂಜಾಗಿದೆ ಎಂದು ಯಾರು ಹೇಳಬೇಕು? ನೀವು ಹೇಳುತ್ತಿದ್ದಿರಾ? ಅವಳ ಪ್ರಕಾರ ಮಂಜಾಗಿದ್ದು ಲೋಕ. 'ಈಗಿನ ಬಲ್ಬಿನಾಗ ಬೆಳಕೇ ಇಲ್ಲ.' 'ಈ ಊರಾಗ ಬರೇ ಧೂಳ.' 'ಟೀವಿಯವರು ಬಣ್ಣ ಕಡಿಮಿ ಮಾಡ್ಯಾರ.' ಮನೆಯ ಅಕ್ಕಿ ಮಾತ್ರ ತಾನೇ ಹಸನು ಮಾಡಬೇಕೆಂಬ ಹಟ. ಊಟದಲ್ಲಿ ಹಲ್ಲಿಗೆ ಕಲ್ಲು ಸಿಗತೊಡಗಿತು. ಮೊದಲ ಕಲ್ಲನ್ನು ನಾನು ಸದ್ದಿಲ್ಲದೆ ನುಂಗಿದೆ. ಪಕ್ಕಕ್ಕೆ ನೋಡಿದರೆ ನನ್ನ ಹೆಂಡತಿ ಶಿವಗಂಗಾ ಕೂಡ ನೀರು ಕುಡಿಯುತ್ತಿದ್ದಳು. ಅತ್ತೆಯ ಎದುರು ಕಲ್ಲು ಉಗುಳದ ಸೊಸೆ, ಇದಕ್ಕೆ ಯಾವ ಸಂಘ ಶಾಲು ಹೊದಿಸುತ್ತದೆ, ಹೇಳಿ?

ಕಣ್ಣಿನ ಡಾಕ್ಟರು ಎಂಬ ಮಾತು ಎತ್ತಿದರೆ, 'ನನ್ನ ಕಣ್ಣಿಗೆ ಏನಾಗೇತಿ? ನಿನ್ನ ಕಣ್ಣು ತೋರಿಸ್ಕೋ ಹೋಗು!'

ಹೋದ ಚಳಿಗಾಲದ ಒಂದು ಭಾನುವಾರ ನಾನು ಕಪ್ಪು ಅಂಗಿ ತೊಟ್ಟು ಹೊರಟಾಗ ಅವಳೂ ಎದ್ದಳು. 'ಕರಿ ಅಂಗಿ ಹಾಕ್ಕೊಂಡು ಅಲ್ಲಿ ಯಾವ ದೆವ್ವದ ಪೂಜಿ ಮಾಡ್ತೀಯೋ ನೋಡೇ ಬಿಡ್ತೀನಿ.' ಶಿವಗಂಗಾಳೂ ಸೇರಿ ಮೂವರೂ ಮಾದಾಪುರದಾಚೆಯ ಅಕ್ವೇರಿಯಂಗೆ ಹೋದೆವು. ದೊಡ್ಡ ಗಾಜಿನ ಮುಂದೆ ನಾನು ಲೆನ್ಸು ಒತ್ತಿ ಕಾಯುತ್ತಿದ್ದೆ. ಅವ್ವ ಪಕ್ಕದಲ್ಲಿ ನಿಂತು ಗಾಜನ್ನು ದಿಟ್ಟಿಸಿದಳು. ಆಮೇಲೆ ಸೆರಗಿನ ತುದಿ ಹಿಡಿದು ಒರೆಸಿದಳು. ಮತ್ತೆ ದಿಟ್ಟಿಸಿದಳು. ಮತ್ತೆ ಒರೆಸಿದಳು.

'ಟಿಕೀಟಿಗೆ ಇಷ್ಟು ರೊಕ್ಕ ತಗೋತಾರ, ಒಂದು ಗಾಜು ಒರಸಾಕ ಬರೂದಿಲ್ಲಾ?'

ಅಷ್ಟರಲ್ಲಿ ಬಂತು ಒಂದು ತೊರಕೆ ಮೀನು. ನೀರಿನಲ್ಲಿ ಹಾರುವ ಜೋಳದ ರೊಟ್ಟಿ ಎಂದುಕೊಳ್ಳಿ, ಮೊರದಷ್ಟು ಅಗಲ. ಹೊಟ್ಟೆಯನ್ನು ಗಾಜಿಗೆ ಒತ್ತಿ ಮೇಲೇರಿತು. ಆ ಬೆಳ್ಳನೆಯ ಹೊಟ್ಟೆಯ ಮೇಲೆ ನಗುವ ಮಗುವಿನದರಂಥ ಒಂದು ಬಾಯಿ. ಜನ ಒಮ್ಮೆಲೇ 'ಅಬ್ಬೋ, ಚೂಡಂಡಿ ಚೂಡಂಡಿ!' ಎಂದು ತೆಲುಗಿನಲ್ಲಿ ಕೂಗಿ ಬೆರಳು ತೋರಿಸಿದರು.

'ಏನ್ ಬಂತೋ?' ಎಂದಳು ಅವ್ವ. ಒರೆಸುತ್ತಿದ್ದ ಅವಳ ಕೈ ಸರಿಯಾಗಿ ಆ ಮೀನಿನ ಬಾಯಿಯ ಮೇಲಿತ್ತು. ನಡುವೆ ಗಾಜು ಮಾತ್ರ.

'ನಿನ್ನ ಕೈ ಮುಂದೇ ಐತಿ ಅವ್ವ.'

'ನನಗ ಬರೇ ನೀರು ಕಾಣತದ.'

ಆಮೇಲೆ ಅವಳು ಸೆರಗಿನ ತುದಿಯನ್ನು ಸೊಸೆಯ ಮುಂದೆ ಹಿಡಿದಳು. 'ಹೊಲಸು ಹತ್ತೇತೇನ ನೋಡು.'

ಶಿವಗಂಗಾ ನನ್ನ ಮುಖ ನೋಡಿದಳು. ಕಲ್ಲು ನುಂಗಿದ ಹಾಗೆ ಇದನ್ನೂ ನುಂಗಬಹುದಿತ್ತು. ನುಂಗಲಿಲ್ಲ. 'ಇಲ್ರಿ ಅತ್ತಿ. ಸೆರಗು ಸ್ವಚ್ಛ ಐತಿ. ಗಾಜೂ ಸ್ವಚ್ಛ ಐತಿ.'

'ಹಂಗಾರ ಹೊಲಸು ಎಲ್ಲೈತಿ?'

ಅವಳು ಕೇಳಿದ್ದು ನಮ್ಮನ್ನಲ್ಲ. ಮನೆಗೆ ಮರಳುವಾಗ ಆಟೋದಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, 'ಆ ಕಣ್ಣಿನ ಡಾಕ್ಟರ್ ಯಾವಾಗ ಇರತಾರ ಕೇಳು' ಎಂದಳು. ಸ್ವಲ್ಪ ದೂರ ಹೋದ ಮೇಲೆ, 'ಅಕ್ಕಿಯಾಗ ಕಲ್ಲು ಇರತಿದ್ವೇನ?' ಎಂದಳು. ಶಿವಗಂಗಾ, 'ಒಂದೊಂದು ಇರತಿದ್ವು ಅತ್ತಿ, ಹಲ್ಲಿಗೆ ಛಲೋ ಕಸರತ್ತು ಆತು' ಎಂದಳು. ಅವ್ವ ನಕ್ಕಳೋ, ಅತ್ತಳೋ, ಆಟೋದ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ.

ಆ ಗಾಜಿನ ಮುಂದೆ ನನ್ನ ಬೆರಳು ಕ್ಯಾಮೆರಾದ ಗುಂಡಿ ಒತ್ತಿಬಿಟ್ಟಿತ್ತು. ಗಾಜಿನಲ್ಲಿ ಮನುಷ್ಯರ ನೆರಳೂ ಬೀಳಬಾರದೆಂದು ಕಪ್ಪು ಬಟ್ಟೆ ತೊಡುವ ನನ್ನ ಚಿತ್ರದಲ್ಲಿ, ನಟ್ಟನಡುವೆ ಸೆರಗಿನ ತುದಿ ಹಿಡಿದ ಒಂದು ಕೈ. ಆಚೆ ಆ ಮೀನಿನ ಬಾಯಿ. ಅದೇ ಈ ಬಟ್ಟೆಯ ಹಿಂದಿದೆ. ಗೋಡೆಯ ಮೇಲಿನ ಉಳಿದ ಚಿತ್ರಗಳಿಗೆ ಜಂಬದಿಂದ ಗಾಜಿನ ಕಟ್ಟು ಹಾಕಿಸಿದ್ದೇನೆ, ಈಗ ಎಲ್ಲದರಲ್ಲೂ ನಿಮ್ಮ ಸಭಾಂಗಣದ ಟ್ಯೂಬ್‌ಲೈಟೇ ಈಜುತ್ತಿದೆ! ಇದೊಂದಕ್ಕೆ ಗಾಜಿಲ್ಲ.

ಅವ್ವ ಇನ್ನೂ ತುಟಿಯ ಮೇಲಿಂದ ಬೆರಳು ತೆಗೆದಿಲ್ಲ. ಈಗ ಎದ್ದೇ ನಿಂತಳು. ಏನವ್ವ? ಮುಗಿಸುತ್ತಿದ್ದೇನೆ... ಅದಲ್ಲವೇ? ಮೀಸೆಯೇ? ಒಂದು ನಿಮಿಷ, ಸಭಿಕರೇ.

ಅಕ್ಷತೆ. ನನ್ನ ಮೀಸೆಯೊಳಗೆ ಒಂದು ಅಕ್ಕಿಕಾಳು. ಪಕ್ಕದಲ್ಲಿ ಕುಳಿತ ಅಧ್ಯಕ್ಷರಿಗೆ ಕಂಡಿಲ್ಲ, ಎದುರು ನಿಂತು ಶಾಲು ಹೊದಿಸಿದ ಅತಿಥಿಗಳಿಗೆ ಕಂಡಿಲ್ಲ.

ನಾನು ಬರೆದು ತಂದ ಭಾಷಣ ಇನ್ನೂ ಉಳಿದಿದೆ. ಇರಲಿ ಬಿಡಿ. ಅವ್ವ, ಮೇಲೆ ಬಾ. ಈ ಬಟ್ಟೆ ನೀನೇ ಸರಿಸು. ಒರೆಸುವ ಕೆಲಸವಿಲ್ಲ.

ಹೊದಿಸಿದ ಶಾಲಿಗೆ, ಬೆಳಗಿದ ಆರತಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಗುರಿ ತಪ್ಪಿ ಬಿದ್ದ ಈ ಒಂದು ಕಾಳಿಗೆ ನಾನು ಋಣಿ. ತಮಗೆಲ್ಲರಿಗೂ ನಮಸ್ಕಾರ.